ನಾಗವೇಣಿಯ ಪರದೆಗೆ ದನಿ ಬಂದದ್ದು

ಸಾಫ್ಟ್‌ವೇರ್ ಕೆಲಸದಲ್ಲಿದ್ದೆ ಅಂದರೆ ಜನ ಮೊದಲು ಕೇಳುವುದು, ಯಾವ ಹುದ್ದೆಯಲ್ಲಿದ್ದಾಗ ನಿವೃತ್ತಿಯಾಯಿತು ಅಂತ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಕಂಪನಿಯಲ್ಲಿ ಹುದ್ದೆಗಳ ಹೆಸರು ಆಗಾಗ ಬದಲಾಗುತ್ತಿತ್ತು, ಮಾಡುವ ಕೆಲಸ ಮಾತ್ರ ಅದೇ ಇರುತ್ತಿತ್ತು. ಈಗ ಈ ಕಸುಬಿಗೆ ಕಾಲಿಡುತ್ತಿರುವ ಹುಡುಗ ಹುಡುಗಿಯರಿಗೆ ಬೇಕಾದ್ದು ಆ ಕೆಲಸದ ಸಂಗತಿ. ಅದರಲ್ಲಿ ಒಂದನ್ನಂತೂ ಎದೆ ತಟ್ಟಿಕೊಂಡು ಹೇಳಬಲ್ಲೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಒಂದೆರಡು ಪೆಟ್ಟು ತಿಂದದ್ದನ್ನೂ ಹೇಳಬೇಕು.

ನಾನು ಶೈಲಜಾ. ಊರು ಗಂಗಾವತಿ. ಗಂಡ ರೈಲ್ವೆಯಲ್ಲಿದ್ದುದರಿಂದ ಮದುವೆಯಾದ ಮೇಲೆ ತೆಲುಗು ನಾಡಿನ ದೊಡ್ಡ ನಗರದ ಮಲ್ಕಾಜ್‌ಗಿರಿ ಬಡಾವಣೆಗೆ ಬಂದೆ, ಇಂದಿಗೂ ಅಲ್ಲೇ ಇದ್ದೇನೆ. ನಾನು ಸೇರಿದ್ದು ಆಸ್ಪತ್ರೆ, ಲ್ಯಾಬ್, ಔಷಧದ ಅಂಗಡಿಗಳಿಗೆ ಡೆಸ್ಕ್‌ಟಾಪ್ ಆ್ಯಪ್ ಬರೆದುಕೊಡುವ ಒಂದು ಸಣ್ಣ ಕಂಪನಿಗೆ. ಡೆಸ್ಕ್‌ಟಾಪ್ ಆ್ಯಪ್ ಅಂದರೆ ಬ್ರೌಸರಿನಲ್ಲಿ ತೆರೆದುಕೊಳ್ಳುವುದಲ್ಲ, ಕಂಪ್ಯೂಟರಿನಲ್ಲೇ ಕೂತು ಕೆಲಸ ಮಾಡುವಂಥದ್ದು.

ಆ ಕಾಲದಲ್ಲಿ ಒಂದೇ ಆ್ಯಪನ್ನು ನಾವು ಎರಡು ಸಲ ಬರೆಯುತ್ತಿದ್ದೆವು. ಆಸ್ಪತ್ರೆಯ ರಿಸೆಪ್ಷನ್‌ನಲ್ಲಿರುವ ಕಂಪ್ಯೂಟರಿಗೆ ಒಂದು ಆಪರೇಟಿಂಗ್ ಸಿಸ್ಟಂ, ಒಳಗೆ ವೈದ್ಯರ ಲ್ಯಾಪ್‌ಟಾಪಿಗೆ ಇನ್ನೊಂದು. ಇಲ್ಲಿ ಒಂದು ಬಟನ್ ಬದಲಾದರೆ ಅಲ್ಲಿಯೂ ಬದಲಾಗಬೇಕು. ಎರಡು ಗುಂಪು, ಎರಡು ಭಾಷೆ, ದಿನಾ ಜಗಳ. ಆಗ ನಮ್ಮ ತಂಡದ ಹಿರಿಯರಾದ ಖದೀರ್ ಸಾಹೇಬರು ಒಂದು ಫ್ರೇಮ್‌ವರ್ಕ್ ತಂದರು. ಒಮ್ಮೆ ಬರೆದರೆ ಸಾಕು, ಎರಡೂ ಕಡೆ ನಡೆಯುತ್ತದೆ ಅನ್ನುವುದು ಅದರ ಹೆಗ್ಗಳಿಕೆ.

ಖದೀರ್ ಸಾಹೇಬರು ರಾಯಚೂರಿನವರು. ಮನೆಯಲ್ಲಿ ದಖ್ಖನಿ, ಆಫೀಸಿನಲ್ಲಿ ತೆಲುಗು, ನನ್ನ ಜೊತೆ ಮಾತ್ರ ಕನ್ನಡ. ಅವರು ಮೊದಲ ದಿನ ನಮಗೆ ಹೇಳಿದ್ದು ಇಷ್ಟು:

"ನೋಡ್ರಿ, ಈ ಫ್ರೇಮ್‌ವರ್ಕ್ ಒಬ್ಬ ದುಭಾಷಿ ಇದ್ದಂಗ. ನೀವು ಒಂದು ವಿಂಡೋ ಬೇಕು ಅಂತೀರಿ. ಅದು ಹೋಗಿ ಸಿಸ್ಟಂಗೆ ಅದರ ಭಾಷಾದಾಗ ಹೇಳತೈತಿ. ಖರೇ ವಿಂಡೋ ಮಾಡಾವ ಸಿಸ್ಟಂ. ನಿಮ್ಮ ಕೈಯಾಗ ಇರೋದು ದುಭಾಷಿ ಕೊಟ್ಟ ಚೀಟಿ, ಅಷ್ಟ."

"ಖರೇ ವಿಂಡೋ ನಮಗ ಸಿಗಂಗೇ ಇಲ್ಲೇನ್ರಿ ಸರ್?" ಅಂತ ನಾನು ಕೇಳಿದೆ.

"ಸಿಗತೈತಿ. ಆದ್ರ ಬೇಕಾದಾಗಷ್ಟ ಕೇಳ್ರಿ."

ಸಿಸ್ಟಂ ತಾನೇ ಮಾಡಿಟ್ಟುಕೊಂಡ ಈ ಅಸಲಿ ವಿಂಡೋ, ಬಟನ್, ಪೆಟ್ಟಿಗೆಗಳಿಗೆ ನಮ್ಮ ಕಸುಬಿನಲ್ಲಿ ನೇಟಿವ್ ಆಬ್ಜೆಕ್ಟ್ ಅನ್ನುತ್ತಾರೆ. ಪ್ರತಿಯೊಂದಕ್ಕೂ ಸಿಸ್ಟಂ ಒಂದು ಗುರುತು ಕೊಟ್ಟಿರುತ್ತದೆ, ಅದು ಹ್ಯಾಂಡಲ್. ಹ್ಯಾಂಡಲ್ ಕೈಗೆ ಸಿಕ್ಕರೆ ಫ್ರೇಮ್‌ವರ್ಕನ್ನು ದಾಟಿ ನೇರವಾಗಿ ಸಿಸ್ಟಂ ಜೊತೆ ಮಾತಾಡಬಹುದು. ಮುಂದಿನದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ನನ್ನ ಮೊದಲ ಪೆಟ್ಟು ಒಂದು ರಕ್ತಪರೀಕ್ಷೆಯ ಲ್ಯಾಬ್‌ನ ಕೆಲಸದಲ್ಲಿ. ರೋಗಿಯ ರಕ್ತದಲ್ಲಿ ಏನಾದರೂ ಅಪಾಯದ ಮಟ್ಟಕ್ಕೆ ಏರಿದ್ದರೆ, ಲ್ಯಾಬಿನವರು ಬೇರೆ ಯಾವ ಆ್ಯಪ್‌ನಲ್ಲಿ ಮುಳುಗಿದ್ದರೂ ಪರದೆಯ ಕೆಳಗಿನ ಪಟ್ಟಿಯಲ್ಲಿ ನಮ್ಮ ಆ್ಯಪ್‌ನ ಗುರುತು ಮಿಣುಕಬೇಕು. ಫ್ರೇಮ್‌ವರ್ಕ್‌ನಲ್ಲಿ ಆ ಸೌಲಭ್ಯ ಇರಲಿಲ್ಲ. ಎರಡೂ ಸಿಸ್ಟಂಗಳಲ್ಲಿ ಮಿಣುಕಿಸುವ ರೀತಿ ಬೇರೆ ಬೇರೆ, ಹಾಗಾಗಿ ಅವರು ಆ ಗೊಡವೆಗೇ ಹೋಗಿರಲಿಲ್ಲ. ವಿಂಡೋದ ಹ್ಯಾಂಡಲ್ ಹಿಡಿದು ಸಿಸ್ಟಂಗೆ ನಾನೇ ಹೇಳಬೇಕಾಯಿತು.

ಬರೆದೆ. ಹ್ಯಾಂಡಲ್ ಕೇಳಿದರೆ ಸೊನ್ನೆ ಬಂತು. ಇನ್ನೊಂದು ದಾರಿಯಲ್ಲಿ ಕೇಳಿದೆ, ಆಗಲೂ ಸೊನ್ನೆ. ನೇಟಿವ್ ಆಬ್ಜೆಕ್ಟ್ ಇರಬೇಕಾದ ಜಾಗ ಬರಿದು. ಒಂದು ವಾರ ತಲೆ ಕೆಡಿಸಿಕೊಂಡು, ಫ್ರೇಮ್‌ವರ್ಕೇ ಕೆಟ್ಟಿದೆ ಅಂತ ದೂರು ಬರೆಯಲು ಕೂತೆ. ಖದೀರ್ ಸಾಹೇಬರು ಚಹಾದ ಲೋಟ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತರು.

"ಹ್ಯಾಂಡಲ್ ಎಲ್ಲಿ ಕೇಳಾಕತ್ತೀರಿ?"

"ವಿಂಡೋ ಮಾಡೋ ಜಾಗಾದಾಗೇ ಕೇಳೀನ್ರಿ ಸರ್. ಮೊದಲನೇ ಸಾಲಿನಾಗ."

"ಆ ಹೊತ್ತಿಗೆ ವಿಂಡೋ ಪರದೆ ಮ್ಯಾಲ ಬಂದಿರತೈತೇನು?"

"ಇಲ್ರಿ. ಆಮ್ಯಾಲ ಬರತೈತಿ."

"ಮತ್ತ? ಕೂಸು ಹುಟ್ಟೋಕಿನ ಮೊದಲ ಕುಲಾವಿ ಹೊಲ್ಯಾಕ ಕುಂತೀರಿ."

ಅಷ್ಟೇ ಸಂಗತಿ. ನಾವು ಬರೆಯುವ ವಿಂಡೋ ಮೊದಲು ಹುಟ್ಟುತ್ತದೆ, ಅದಕ್ಕೆ ಬೆನ್ನಾಗಿ ನಿಲ್ಲುವ ಅಸಲಿ ವಿಂಡೋ ಸ್ವಲ್ಪ ತಡವಾಗಿ ಹುಟ್ಟುತ್ತದೆ. ಹುಟ್ಟಿದ ಕೂಡಲೇ ಫ್ರೇಮ್‌ವರ್ಕ್ ಒಂದು ಸಂದೇಶ ಕೊಡುತ್ತದೆ. ಅದಕ್ಕೆ ಕಾದು ಕೇಳಬೇಕು. ನಾನು ಬರೆದ ಸಾಲುಗಳನ್ನು ಹಾಗೆಯೇ ಎತ್ತಿ ಆ ಸಂದೇಶ ಬರುವ ಜಾಗಕ್ಕೆ ಹಾಕಿದೆ, ಗುರುತು ಮಿಣುಕತೊಡಗಿತು. ಕೆಲವು ದಿನಗಳಾದ ಮೇಲೆ ಆ ಲ್ಯಾಬಿನಿಂದ ಫೋನ್ ಬಂತು. ಒಬ್ಬ ಮುದುಕರ ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿತ್ತಂತೆ, ಗುರುತು ಮಿಣುಕಿದ್ದು ಕಂಡು ಕೂಡಲೇ ವೈದ್ಯರಿಗೆ ತಿಳಿಸಿದರಂತೆ, ಆ ಮುದುಕರು ಈಗ ಗುಣವಾಗಿ ಮನೆಗೆ ಹೋದರಂತೆ. ಈ ಕಸುಬಿನಲ್ಲಿ ನಮ್ಮ ಕೆಲಸ ಯಾರಿಗೆ ಮುಟ್ಟಿತು ಅನ್ನುವುದು ಗೊತ್ತಾಗುವುದೇ ಅಪರೂಪ.

ಹಿರಿಯರೂ ಎಡವುತ್ತಿದ್ದರು, ಅದನ್ನೂ ಬರೆಯಬೇಕು. ಖದೀರ್ ಸಾಹೇಬರು ಒಮ್ಮೆ ಔಷಧದ ಅಂಗಡಿಯೊಂದರ ಮಾಲೀಕರಿಗೆ ಆ್ಯಪ್ ತೋರಿಸುವಾಗ, ವಿಂಡೋ ಪರದೆಯ ಬಲಗಡೆ ಅಂಟಿಕೊಂಡು ನಿಲ್ಲಲಿ ಅಂತ ನೇರವಾಗಿ ಸಿಸ್ಟಂಗೆ ಹೇಳಿಬಿಟ್ಟರು, ಫ್ರೇಮ್‌ವರ್ಕಿಗೆ ತಿಳಿಸಲಿಲ್ಲ. ಸಿಸ್ಟಂ ವಿಂಡೋವನ್ನು ಬಲಕ್ಕೆ ಎಳೆಯಿತು. ಫ್ರೇಮ್‌ವರ್ಕ್, ಇದೇನು ನನ್ನ ವಿಂಡೋ ಜಾಗ ಬಿಟ್ಟಿತಲ್ಲ ಅಂತ ಎಡಕ್ಕೆ ಎಳೆಯಿತು. ವಿಂಡೋ ಜೋಕಾಲಿಯಂತೆ ಆಡತೊಡಗಿತು. ಮಾಲೀಕರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

"ತಪ್ಪು ನಿಮ್ಮ ಕಣ್ಣಿಂದಲ್ರಿ, ನನ್ನ ತಲೀದು," ಅಂದರು ಸಾಹೇಬರು. ಎಲ್ಲರೂ ನಕ್ಕರು. ಆ ಕೆಲಸ ನಮಗೇ ಸಿಕ್ಕಿತು.

ಮರುದಿನ ಅವರು ಒಂದು ಕಟ್ಟಳೆ ಮಾಡಿದರು. ಸಿಸ್ಟಂ ಜೊತೆ ನೇರ ಮಾತಾಡುವ ಕೋಡ್ ಎಲ್ಲ ಒಂದೇ ಫೋಲ್ಡರಿನಲ್ಲಿ ಇರಬೇಕು. ಅದಕ್ಕೆ ಅವರೇ 'ದರ್ವಾಜಾ' ಅಂತ ಹೆಸರಿಟ್ಟರು. ಒಳಗೆ ಹೋಗುವುದಿದ್ದರೆ ಆ ಬಾಗಿಲಿನಿಂದಲೇ ಹೋಗಬೇಕು, ಸಿಕ್ಕಲ್ಲಿ ಗೋಡೆ ಒಡೆಯಬಾರದು. ಯಾಕೆ ಹೋದೆ, ಯಾವ ಸಿಸ್ಟಂನಲ್ಲಿ ಹೋದೆ ಅಂತ ಮೇಲುಗಡೆ ಎರಡು ಸಾಲು ಬರೆಯಬೇಕು. ನಾವು ಮಾಡದ ಆಬ್ಜೆಕ್ಟನ್ನು ನಾವು ಅಳಿಸಬಾರದು. ಈಗಿನವರಿಗೆ ಇದು ತೀರಾ ಸಾಮಾನ್ಯ ಅನ್ನಿಸಬಹುದು. ಅಂದು ಅದು ನಮ್ಮನ್ನು ಎಷ್ಟೋ ತೊಂದರೆಯಿಂದ ಉಳಿಸಿತು.

ನನ್ನ ಕೆಲಸದ ಕೊನೆಯ ಭಾಗದಲ್ಲಿ ಚೇತನ್ ನಮ್ಮ ತಂಡಕ್ಕೆ ಬಂದ. ಮೈಸೂರಿನವನು, ಮಣಿಕೊಂಡದಲ್ಲಿ ಇನ್ನಿಬ್ಬರ ಜೊತೆ ಫ್ಲ್ಯಾಟ್ ಮಾಡಿಕೊಂಡಿದ್ದ. ಫ್ರೇಮ್‌ವರ್ಕಿನ ಒಳಗಿನ ಕೋಡನ್ನು ಕಾದಂಬರಿ ಓದಿದಂತೆ ಓದುತ್ತಿದ್ದ. ಅದು ಯಾರು ಬೇಕಾದರೂ ಓದಬಹುದಾದ, ತಿದ್ದುಪಡಿ ಕಳಿಸಬಹುದಾದ ತೆರೆದ ಕೋಡ್. ದರ್ವಾಜಾ ಫೋಲ್ಡರ್ ಕಂಡರೆ ಮಾತ್ರ ಅವನಿಗೆ ಆಗುತ್ತಿರಲಿಲ್ಲ.

"ಮೇಡಂ, ತಪ್ಪು ತಿಳ್ಕೋಬೇಡಿ. ಒಂದ್ಸಲ ಒಳಗೆ ಕೈ ಹಾಕಿದ್ರೆ ಫ್ರೇಮ್‌ವರ್ಕ್‌ನ ಪ್ರತಿ ಹೊಸ ವರ್ಷನ್‌ಗೂ ನಾವು ಒದ್ದಾಡ್ಬೇಕಾಗುತ್ತೆ. ಅಲ್ಲಿ ಇಲ್ದೇ ಇರೋದನ್ನ ಗ್ರಾಹಕರಿಗೆ ಇಲ್ಲ ಅಂದ್ಬಿಡೋದೇ ವಾಸಿ."

"ಇಲ್ಲ ಅಂದ್ರ ಯಾರಿಗೆ ಏನಾಗತೈತಿ ಅಂತ ನೋಡಿ ಅನ್ನಬೇಕಪ್ಪ," ಅಂದೆ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಹೇಳಿದ್ದೂ ಸುಳ್ಳಲ್ಲ. ಆ ವಾದ ನಮ್ಮಿಬ್ಬರ ನಡುವೆ ಹಾಗೆಯೇ ನಡೆಯುತ್ತಿತ್ತು. ನಾಗವೇಣಿ ಸಿಕ್ಕಿದ್ದು ಆಗ.

ನಗರದ ಒಂದು ದೊಡ್ಡ ಆಸ್ಪತ್ರೆಗೆ ನಾವು ಹೊಸ ಅಪಾಯಿಂಟ್‌ಮೆಂಟ್ ಆ್ಯಪ್ ಬರೆದುಕೊಟ್ಟಿದ್ದೆವು. ಅದರ ನಡುವೆ ಒಂದು ದಿನದ ಚಾರ್ಟ್. ಅಡ್ಡಕ್ಕೆ ವೈದ್ಯರು, ಉದ್ದಕ್ಕೆ ಹೊತ್ತು, ಖಾಲಿ ಇದ್ದರೆ ಹಸಿರು, ತುಂಬಿದ್ದರೆ ಕೆಂಪು. ನೋಡಿದವರೆಲ್ಲ ಮೆಚ್ಚಿಕೊಂಡಿದ್ದರು. ಆ್ಯಪ್ ಹೇಗೆ ನಡೆಯುತ್ತಿದೆ ಅಂತ ನೋಡಿಕೊಂಡು ಬರಲು ಒಂದು ಬೆಳಿಗ್ಗೆ ನಾನು ಆಸ್ಪತ್ರೆಯ ವಿಚಾರಣೆ ವಿಭಾಗಕ್ಕೆ ಹೋದೆ. ಸಾಲಾಗಿ ಕೂತವರು ಫೋನಿನಲ್ಲಿ ಮಾತಾಡುತ್ತಿದ್ದರು. ಕೊನೆಯ ಮೇಜಿನಲ್ಲಿ ಒಬ್ಬ ಹೆಣ್ಣುಮಗಳು ಕೀಬೋರ್ಡಿನ ಮೇಲೆ ಬೆರಳಾಡಿಸುತ್ತ, ತಲೆ ಸ್ವಲ್ಪ ವಾಲಿಸಿ ಕೂತಿದ್ದಳು. ಅವಳ ಮುಂದಿನ ಫೋನ್ ಮಾತ್ರ ಸುಮ್ಮನಿತ್ತು.

ಅವಳೇ ನಾಗವೇಣಿ. ಹುಟ್ಟಿನಿಂದಲೇ ಕಣ್ಣು ಕಾಣದು. ಕೊಪ್ಪಳದ ಕಡೆಯಿಂದ ಬಂದು ದಿಲ್‌ಸುಖ್‌ನಗರದಲ್ಲಿ ಬಟ್ಟೆ ವ್ಯಾಪಾರ ಮಾಡುವವರ ಮಗಳು. ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಮಾತು ಸರಾಗ. ಅವಳು ಕೆಲಸ ಮಾಡುತ್ತಿದ್ದ ಬಗೆ ಹೀಗಿತ್ತು. ಒಂದು ಕಿವಿಗೆ ಫೋನ್, ಇನ್ನೊಂದು ಕಿವಿಗೆ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್. ರೋಗಿಯ ಮಾತು ಒಂದು ಕಡೆಯಿಂದ, ಪರದೆಯ ಮಾತು ಇನ್ನೊಂದು ಕಡೆಯಿಂದ. ಹಳೆಯ ಆ್ಯಪ್‌ನಲ್ಲಿ ಹೀಗೆ ಅವಳು ವರ್ಷಗಟ್ಟಲೆ ಕೆಲಸ ಮಾಡಿದ್ದಳು.

"ಹೊಸಾದರಾಗ ಏನು ತೊಂದರಿ ಐತ್ರಿ?" ಅಂತ ಕೇಳಿದೆ. ಕನ್ನಡ ಕೇಳಿ ಅವಳ ಮುಖ ನನ್ನ ಕಡೆ ತಿರುಗಿತು.

"ನೀವು ನಮ್ಮ ಕಡೇವ್ರೇನ್ರಿ ಅಕ್ಕಾರ? ಕೇಳ್ರಿ ಹಂಗಾರ," ಅಂದು ಕಿವಿಯಿಂದ ಇಯರ್‌ಫೋನ್ ತೆಗೆದು ನನಗೆ ಕೊಟ್ಟಳು. ಬಟನ್‌ಗಳ ಮೇಲೆ ಹೋದಾಗ ಅವುಗಳ ಹೆಸರು ಕೇಳಿಸಿತು. ಚಾರ್ಟ್‌ಗೆ ಬಂದಳು. ಆ ದನಿ 'ಚಿತ್ರ' ಅಂದು ನಿಂತುಬಿಟ್ಟಿತು. ಬಾಣದ ಕೀ ಒತ್ತಿದಳು. ಏನೂ ಇಲ್ಲ. ಮತ್ತೆ ಒತ್ತಿದಳು. ಏನೂ ಇಲ್ಲ.

"ನಿಮ್ಮ ಚಾರ್ಟ್ ಭಾಳ ಚೆಂದ ಐತಂತ, ಎಲ್ಲಾರೂ ಅಂತಾರ. ನನಗ ಅದು ಬರೇ ಗ್ವಾಡಿ."

ಹೊಸದನ್ನು ಕಲಿಯಲಿ ಅಂತ ಅವಳ ಫೋನನ್ನು ಆಗಲೇ ನಿಲ್ಲಿಸಿದ್ದರು, ಹಳೆಯ ಆ್ಯಪನ್ನು ತಿಂಗಳ ಕೊನೆಗೆ ಮುಚ್ಚಲಿದ್ದರು. ಹೊಸ ಸರ್ವರಿಗೆ ಅದು ಹೊಂದುತ್ತಿರಲಿಲ್ಲ. ಆಮೇಲೆ ನಾಗವೇಣಿಯನ್ನು ಬೇರೆ ಕಡೆ ಕೂರಿಸುತ್ತಾರಂತೆ.

"ಎಲ್ಲಿ ಕುಂಡರಸ್ತಾರ?"

"ಅದ ಅವರಿಗೂ ಗೊತ್ತಿಲ್ರಿ. ಪಗಾರ ಕೊಡ್ತೀವಿ, ಹೆದರಬ್ಯಾಡ ಅಂತಾರ. ಆದ್ರ ಫೋನ್ ಇರಂಗಿಲ್ಲ. ದಿನಾ ಮೆಟ್ರೋ ಹಿಡಕೊಂಡು ಬಂದು ಸುಮ್ನ ಕುಂತು ಹೋಗೋದು. ಅದು ನನ್ನ ಕಡಿಂದ ಆಗಂಗಿಲ್ರಿ ಅಕ್ಕಾರ. ಬಿಟ್ಟು ಮನಿಯಾಗ ಇರ್ತೀನಿ."

ಅಳಲಿಲ್ಲ, ದನಿ ಏರಿಸಲೂ ಇಲ್ಲ. ಒಂದು ತೀರ್ಮಾನ ತಿಳಿಸಿದಂತೆ ಹೇಳಿದಳು. ನಾನು ಆಡಳಿತಾಧಿಕಾರಿ ಮಾಧವ ರಾವ್ ಅವರ ಬಳಿ ಹೋದೆ. ಅವರು ಕೆಟ್ಟವರಲ್ಲ, ಸಮಯವಿಲ್ಲದವರು. ತಿಂಗಳ ಕೊನೆಯ ದಿನ ಬದಲಾಯಿಸಲಾಗದು, ಅಷ್ಟರೊಳಗೆ ನಿಮ್ಮ ಆ್ಯಪ್ ಮಾತಾಡಿದರೆ ಆ ಹುಡುಗಿ ಅದೇ ಕುರ್ಚಿಯಲ್ಲಿರುತ್ತಾಳೆ ಅಂದರು.

ಆಫೀಸಿಗೆ ಬಂದು ಚೇತನ್‌ಗೆ ಎಲ್ಲ ಹೇಳಿದೆ. ಅವನು ಫ್ರೇಮ್‌ವರ್ಕಿನ ಕೋಡ್ ತೆರೆದು ನೋಡಿದ. ಬಟನ್‌ಗಳಿಗೆ ಸಿಸ್ಟಂನ ಅಸಲಿ ಬಟನ್ ಬೆನ್ನಿಗಿರುತ್ತದೆ, ಹಾಗಾಗಿ ಅವು ಸ್ಕ್ರೀನ್ ರೀಡರಿಗೆ ತಾವಾಗಿ ಉತ್ತರ ಕೊಡುತ್ತವೆ. ಚಾರ್ಟ್ ನಾವೇ ಗೆರೆ ಎಳೆದು ಬಣ್ಣ ತುಂಬಿದ್ದು. ಸಿಸ್ಟಂನ ಲೆಕ್ಕದಲ್ಲಿ ಅದು ಒಂದು ಬೋಳು ಹಲಗೆ. ಹಲಗೆಯ ಒಳಗಿನ ಒಂದೊಂದು ಚೌಕದ ಮನೆಗೂ ಹೆಸರು ಕೊಡುವ ದಾರಿ ಫ್ರೇಮ್‌ವರ್ಕ್‌ನಲ್ಲಿ ಇರಲಿಲ್ಲ.

"ಇಲ್ಲ ಅಂದ್ಬಿಡೋದೇ ವಾಸಿ ಅಂತಿದ್ಯಲ್ಲ," ಅಂದೆ.

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅದನ್ನ ಅವರಿಗೆ ನಾನು ಹೋಗಿ ಹೇಳಕ್ಕಾಗಲ್ಲ ಮೇಡಂ. ಆ ಹಲಗೆಯ ಹ್ಯಾಂಡಲ್ ತಗೊಳ್ಳೋಣ."

ಖದೀರ್ ಸಾಹೇಬರು ಆಗಲೇ ನಿವೃತ್ತರಾಗಿದ್ದರು. ನಾನು ಫೋನ್ ಮಾಡಿದಾಗ ಎಲ್ಲ ಕೇಳಿಸಿಕೊಂಡು, "ಸ್ಕ್ರೀನ್ ರೀಡರ್ ಹಲಗಿಗೆ ಏನಂತ ಕೇಳತೈತಿ, ಮೊದಲು ಅದನ್ನ ಕೇಳಿಸ್ಕೋರಿ. ಆಮ್ಯಾಲ ಜವಾಬು ಬರೀರಿ," ಅಂದರು.

ಹಾಗೆಯೇ ಮಾಡಿದೆವು. ಸ್ಕ್ರೀನ್ ರೀಡರ್ ಸಿಸ್ಟಂ ಮೂಲಕ ಪ್ರತಿ ನೇಟಿವ್ ಆಬ್ಜೆಕ್ಟಿಗೂ ಒಂದು ಪ್ರಶ್ನೆ ಕಳಿಸುತ್ತದೆ: ನೀನು ಯಾರು, ನಿನ್ನೊಳಗೆ ಏನಿದೆ. ನಮ್ಮ ಹಲಗೆಗೂ ಆ ಪ್ರಶ್ನೆ ಬರುತ್ತಲೇ ಇತ್ತು, ಉತ್ತರ ಕೊಡುವವರು ಇರಲಿಲ್ಲ. ಹಲಗೆಯ ಹ್ಯಾಂಡಲ್ ಹಿಡಿದು, ಅದಕ್ಕೆ ಬರುವ ಸಂದೇಶಗಳ ದಾರಿಯಲ್ಲಿ ನಾವು ಕೂತೆವು. ಆ ಒಂದು ಪ್ರಶ್ನೆಯನ್ನು ಮಾತ್ರ ನಾವು ತೆಗೆದುಕೊಂಡು, ಉಳಿದದ್ದನ್ನೆಲ್ಲ ಫ್ರೇಮ್‌ವರ್ಕಿಗೆ ಬಿಟ್ಟುಕೊಟ್ಟೆವು. ಪ್ರಶ್ನೆ ಬಂದಾಗ, ನನ್ನೊಳಗೆ ಇಷ್ಟು ಮನೆಗಳಿವೆ, ಒಂದೊಂದರ ಹೆಸರು ಇದು ಅಂತ ಹೇಳುವ ಕೋಡ್ ಬರೆದೆವು.

ಅದನ್ನು ತೆಗೆದುಕೊಂಡು ನಾಗವೇಣಿಯ ಬಳಿಗೆ ಹೋದೆವು. ಅವಳು ಬಾಣದ ಕೀ ಒತ್ತಿದಳು. ದನಿ ಬಂತು. ಚೇತನ್ ಕುರ್ಚಿಯಿಂದ ಅರ್ಧ ಎದ್ದ. ಅವಳು ಇನ್ನೂ ನಾಲ್ಕು ಸಲ ಒತ್ತಿ, ತಲೆ ಅಲ್ಲಾಡಿಸಿದಳು.

"ಸಾಲು ನಾಲ್ಕು, ಅಂಕಣ ಮೂರು, ಖಾಲಿ ಅಂತೈತ್ರಿ. ಸಾಲು ತಗೊಂಡು ನಾ ಏನ್ ಮಾಡ್ಲಿ? ಎಲುಬಿನ ಡಾಕ್ಟರು, ಹತ್ತೂವರಿ, ಖಾಲಿ. ಹಿಂಗ ಅಂದ್ರ ಸಾಕು. ತುಂಬಿದ್ದವು ಬ್ಯಾಡೇ ಬ್ಯಾಡ. ಒಂದು ಕೀ ಒತ್ತಿದ್ರ ಮುಂದಿನ ಖಾಲಿಗೆ ಹಾರಬೇಕು."

"ಅದನ್ನ ಮಾಡ್ಬಹುದು," ಅಂದ ಚೇತನ್. "ಇನ್ನೇನ್ ಬೇಕು ಹೇಳಿ."

"ನೀವು ಮೈಸೂರ ಕಡೇವ್ರಲ್ರಿ? ಅದಕ್ಕ ಇಷ್ಟು ಸಾವಕಾಶ ಮಾತಾಡ್ತೀರಿ. ಆ ದನಿ ಹಂಗ ಮಾತಾಡಬಾರದು. ಜಲ್ದಿ ಜಲ್ದಿ ಹೇಳಬೇಕು."

ಚೇತನ್ ಜೋರಾಗಿ ನಕ್ಕ. ಅಂದಿನಿಂದ ಅವರಿಬ್ಬರೂ ಫೋನಿನಲ್ಲೇ ಅರ್ಧ ಕೆಲಸ ಮುಗಿಸುತ್ತಿದ್ದರು. ನಾನು ಮಧ್ಯೆ ಬಾಯಿ ಹಾಕುವ ಪ್ರಸಂಗವೇ ಕಡಿಮೆಯಾಯಿತು.

ತೋರಿಸುವ ದಿನ ಬಂತು. ತಿಂಗಳು ಮುಗಿಯಲು ಇನ್ನು ಹೆಚ್ಚು ದಿನ ಉಳಿದಿರಲಿಲ್ಲ. ಮಾಧವ ರಾವ್ ತಮ್ಮ ಜೊತೆ ಆಡಳಿತ ಮಂಡಳಿಯ ಇಬ್ಬರನ್ನು ಕರೆದುಕೊಂಡು ಬಂದರು. ಎಲ್ಲರಿಗೂ ಕೇಳಿಸಲಿ ಅಂತ ದನಿಯನ್ನು ಸ್ಪೀಕರಿಗೆ ಹಾಕಿದ್ದೆವು. ನಾಗವೇಣಿ ಚಾರ್ಟ್‌ನಲ್ಲಿ ಓಡಾಡಿದಳು. ವೈದ್ಯರ ಹೆಸರು, ಹೊತ್ತು, ಖಾಲಿ. ಮುಂದಿನ ಖಾಲಿ. ಅದರ ಮುಂದಿನ ಖಾಲಿ. ಬಂದವರು ತಲೆದೂಗಿದರು. ಅಷ್ಟರಲ್ಲಿ ಮಾಧವ ರಾವ್, ಚಾರ್ಟನ್ನು ಪಕ್ಕದ ದೊಡ್ಡ ಪರದೆಗೆ ಎಳೆದು ತೋರಿಸಿ, ಉಳಿದ ಮೇಜುಗಳಲ್ಲಿ ಹಾಗೆಯೇ ಇಟ್ಟುಕೊಳ್ಳುತ್ತಾರೆ ಅಂದರು. ಚಾರ್ಟನ್ನು ಬೇರೆ ವಿಂಡೋ ಮಾಡಿ ಎಳೆದುಕೊಳ್ಳುವ ಆ ಸೌಲಭ್ಯ ನಾವೇ ಕೊಟ್ಟಿದ್ದು. ಚೇತನ್ ಎಳೆದು ಹಾಕಿದ.

ನಾಗವೇಣಿ ಕೀ ಒತ್ತಿದಳು. ದನಿ ಇಲ್ಲ.

ಮತ್ತೆ ಒತ್ತಿದಳು. 'ಚಿತ್ರ' ಅಂತು ಅದು, ಮೊದಲಿನ ದಿನದಂತೆ.

ಮಂಡಳಿಯವರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ನಾಗವೇಣಿ ಕೀಬೋರ್ಡಿನಿಂದ ಬೆರಳು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಅದನ್ನು ಕಂಡಾಗ ನನಗಾದ ಸಂಕಟ ಈಗಲೂ ನೆನಪಿದೆ. ಮಾಧವ ರಾವ್ ಮೆಲ್ಲಗೆ, ಇವರು ಸಂಜೆಯವರೆಗೆ ಇಲ್ಲೇ ಇರುತ್ತಾರೆ, ಊಟ ಮುಗಿಸಿ ಇನ್ನೊಮ್ಮೆ ಬರುತ್ತೇವೆ, ಆಗಲೂ ಆಗದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ ಅಂದು ಅವರನ್ನು ಕರೆದುಕೊಂಡು ಹೋದರು.

ನಾವು ಮೂವರೂ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಇಡ್ಲಿ ತರಿಸಿದರೂ ಯಾರೂ ಮುಟ್ಟಲಿಲ್ಲ.

"ಎಳೆಯೋ ಮೊದಲ ಸರಿ ಇತ್ತು. ಎಳೆದ ಮ್ಯಾಲ ಹೋತು," ಅಂದಳು ನಾಗವೇಣಿ. "ನಡುವ ಏನ್ ಆಗತೈತ್ರಿ ಅಕ್ಕಾರ?"

ನಾನು ಚೇತನ್ ಮುಖ ನೋಡಿದೆ. ಅವನೂ ನನ್ನ ಮುಖ ನೋಡಿದ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಚಾರ್ಟ್ ಹೊಸ ವಿಂಡೋಗೆ ಹೋದಾಗ ಫ್ರೇಮ್‌ವರ್ಕ್ ಹಳೆಯ ಹಲಗೆಯನ್ನು ಎತ್ತಿಕೊಂಡು ಹೋಗುವುದಿಲ್ಲ. ಅದನ್ನು ಬಿಟ್ಟು, ಹೊಸ ವಿಂಡೋದಲ್ಲಿ ಸಿಸ್ಟಂನಿಂದ ಇನ್ನೊಂದು ಹಲಗೆ ಮಾಡಿಸಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಅದೇ ಚಾರ್ಟ್, ಸಿಸ್ಟಂಗೆ ಬೇರೆಯೇ ಆಬ್ಜೆಕ್ಟ್. ನಾವು ಮೊದಲ ಹಲಗೆಯ ಹ್ಯಾಂಡಲ್ ಜೇಬಿನಲ್ಲಿಟ್ಟುಕೊಂಡು, ಸತ್ತುಹೋದ ಹಲಗೆಯ ಬಾಗಿಲಲ್ಲಿ ಕಾಯುತ್ತ ಕೂತಿದ್ದೆವು.

"ಹ್ಯಾಂಡಲ್ ಇಟ್ಕೊಳ್ಳೋದೇ ಬೇಡ," ಅಂದ ಚೇತನ್. "ಪ್ರತಿ ಸಲ ಹೊಸ ಹಲಗೆ ಬಂದಾಗ ಫ್ರೇಮ್‌ವರ್ಕ್ ಹೇಳುತ್ತೆ. ಹಳೇದು ಹೋಗೋ ಮುಂಚೆಯೂ ಹೇಳುತ್ತೆ, ಆ ಸಾಲು ನಾನು ಓದಿದೀನಿ. ಹೋಗುವಾಗ ಬಿಟ್ಟುಬಿಡೋಣ, ಬಂದಾಗ ಹಿಡ್ಕೊಳ್ಳೋಣ."

ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ನನ್ನ ಬೆರಳುಗಳಿಗೆ ವಯಸ್ಸಾಗಿದ್ದರೂ ಆ ಮಧ್ಯಾಹ್ನ ಅವು ಎಲ್ಲೂ ತಡವರಿಸಲಿಲ್ಲ. ಬದಲಾದ ಸಾಲುಗಳು ಹೆಚ್ಚೇನಿಲ್ಲ. ನಾಗವೇಣಿ ಅಲ್ಲೇ ಇಯರ್‌ಫೋನ್ ಹಾಕಿಕೊಂಡು ಪರೀಕ್ಷೆ ಮಾಡಿದಳು. ಎಳೆದೆವು, ದನಿ ಇತ್ತು. ತಿರುಗಿ ಒಳಗೆ ಸೇರಿಸಿದೆವು, ದನಿ ಇತ್ತು. ಅವಳು ಹತ್ತಾರು ಸಲ ಹಾಗೆ ಮಾಡಿಸಿ, ಕೊನೆಗೆ ಇಡ್ಲಿಯ ತಟ್ಟೆ ಎಲ್ಲಿದೆ ಅಂತ ಕೈಯಾಡಿಸಿದಳು.

"ಈಗ ಹಸಿವಾಗಾಕತ್ತೈತಿ," ಅಂದಳು.

ಮಂಡಳಿಯವರು ಮರಳಿ ಬಂದಾಗ ನಾವು ಸ್ಪೀಕರ್ ಹಚ್ಚಲೇ ಇಲ್ಲ. ನಾಗವೇಣಿ ತಾನೇ ಹೇಳಿದಳು, ಆಟದ ಪರೀಕ್ಷೆ ಬೇಡ, ಫೋನ್ ಕೊಡಿ ಅಂತ. ಮಾಧವ ರಾವ್ ಅವಳ ಫೋನನ್ನು ಚಾಲೂ ಮಾಡಿಸಿದರು. ಚಾರ್ಟ್ ಪಕ್ಕದ ದೊಡ್ಡ ಪರದೆಯ ಮೇಲಿತ್ತು. ಕೂಡಲೇ ಕರೆ ಬಂತು. ಆ ಕಡೆಯವರು ಏನು ಹೇಳಿದರೋ ನಮಗೆ ಕೇಳಲಿಲ್ಲ, ನಾಗವೇಣಿಯ ಮಾತು ಮಾತ್ರ ಕೇಳುತ್ತಿತ್ತು. ತೆಲುಗಿನಲ್ಲಿ ಶುರುಮಾಡಿದವಳು ಮಧ್ಯದಲ್ಲಿ ಕನ್ನಡಕ್ಕೆ ಹೊರಳಿದಳು.

"ರಾಯಚೂರಿಂದ ಬರ್ತೀರೇನ್ರಿ? ಅವ್ವಾರಿಗೆ ಮಣಕಾಲ ನೋವೇನ್ರಿ? ಹಂಗಾರ ಬೆಳಿಗ್ಗಿ ಬ್ಯಾಡ, ರೈಲಿನಾಗ ಬಂದು ಮುಟ್ಟಬೇಕಲ್ರಿ ನೀವು." ಬೆರಳು ಎರಡು ಸಲ ಕೀ ಒತ್ತಿತು. "ಹನ್ನೆರಡಕ್ಕ ಖಾಲಿ ಐತ್ರಿ, ಎಲುಬಿನ ಡಾಕ್ಟರು. ಅವ್ವಾರ ಹೆಸರು ಹೇಳ್ರಿ."

ಪರದೆಯ ಮೇಲೆ ಹಸಿರು ಮನೆಯೊಂದು ಕೆಂಪಾಯಿತು. ಫೋನಿಟ್ಟ ಕೂಡಲೇ ಇನ್ನೊಂದು ಕರೆ. ಅದು ಹಿಂದಿಯದು. ಅವಳು ನಮ್ಮ ಕಡೆ ತಿರುಗಲೂ ಇಲ್ಲ. ನಾವೆಲ್ಲ ಅವಳ ಹಿಂದೆ ನಿಂತಿದ್ದೇವೆ ಅನ್ನುವುದನ್ನೇ ಮರೆತಿದ್ದಳು. ಮೂರನೆಯ ಕರೆಯ ಹೊತ್ತಿಗೆ ಮಂಡಳಿಯವರು ತಮ್ಮೊಳಗೆ ಮಾತಾಡಿಕೊಳ್ಳುತ್ತ ಹೊರಟರು. ಮಾಧವ ರಾವ್ ಒಂದು ಕ್ಷಣ ಹಿಂದೆ ನಿಂತು ನನಗೆ ತೆಲುಗಿನಲ್ಲಿ, "ಬಾಗುಂದಿ ಮೇಡಂ, ಇಂಕೇಂ ಕಾವಾಲಿ," ಅಂದರು. ಚೆನ್ನಾಗಿದೆ, ಇನ್ನೇನು ಬೇಕು. ಆ ಕುರ್ಚಿ ನಾಗವೇಣಿಯದೇ ಆಗಿ ಉಳಿಯಿತು.

ಹೊರಗೆ ಬಂದು ಖದೀರ್ ಸಾಹೇಬರಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ, "ಇದನ್ನ ನಿಮ್ಮ ಆ್ಯಪ್‌ನಾಗ ಇಟ್ಕೊಂಡು ಕುಂದ್ರಬ್ಯಾಡ್ರಿ ಶೈಲಜಾ ಅವರ. ಫ್ರೇಮ್‌ವರ್ಕ್‌ನವರಿಗೆ ಕಳಸ್ರಿ. ಇಂಥಾ ತೊಂದರಿ ನಾಗವೇಣಿ ಒಬ್ಬಾಕಿಗಷ್ಟ ಇಲ್ಲ ದುನಿಯಾದಾಗ," ಅಂದರು.

ಚೇತನ್‌ಗೂ ಅದೇ ಬೇಕಾಗಿತ್ತು. ಒಳಗೆ ಕೈ ಹಾಕಬಾರದು ಅನ್ನುತ್ತಿದ್ದ ಅವನ ವಾದಕ್ಕೆ ಅದೇ ಸರಿಯಾದ ಕೊನೆ. ನಾವು ಕಳಿಸಿದ ತಿದ್ದುಪಡಿ ಅಷ್ಟು ಸುಲಭವಾಗಿ ಒಳಗೆ ಹೋಗಲಿಲ್ಲ. ಒಂದು ಸಿಸ್ಟಂಗೆ ಮಾತ್ರ ಬರೆದಿದ್ದೀರಿ, ಇನ್ನೊಂದಕ್ಕೂ ಬರೆಯಿರಿ ಅಂದರು. ಬರೆದೆವು. ಹೆಸರು ಸರಿಯಿಲ್ಲ ಅಂದರು, ಬದಲಾಯಿಸಿದೆವು. ಎಲ್ಲಿಯದೋ ದೇಶದಲ್ಲಿ ಕೂತ, ನಾವು ಮುಖ ಕಾಣದ ಜನ ಒಂದೊಂದು ಸಾಲನ್ನೂ ಪ್ರಶ್ನಿಸಿದರು. ಚೇತನ್ ಒಮ್ಮೊಮ್ಮೆ ಸಿಟ್ಟಾಗುತ್ತಿದ್ದ. ಇದು ಬೇಡವಾಗಿದ್ದರೆ ಇಷ್ಟು ಕೇಳುತ್ತಿರಲಿಲ್ಲ ಅಂತ ನಾನು ಸಮಾಧಾನ ಮಾಡುತ್ತಿದ್ದೆ. ಕೊನೆಗೆ ಒಂದು ದಿನ ಒಪ್ಪಿಗೆ ಬಂತು. ಫ್ರೇಮ್‌ವರ್ಕಿನ ಮುಂದಿನ ವರ್ಷನ್‌ನಲ್ಲಿ, ಯಾರು ಎಂಥ ಚಿತ್ರ ಬರೆದರೂ ಅದರ ಒಳಗಿನ ತುಣುಕುಗಳಿಗೆ ಹೆಸರು ಕೊಡಬಹುದು, ಸ್ಕ್ರೀನ್ ರೀಡರ್ ಅದನ್ನು ಓದುತ್ತದೆ. ಅದಕ್ಕಾಗಿ ಯಾರೂ ಹ್ಯಾಂಡಲ್ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಆ ವರ್ಷನ್ ಬಂದಾಗ ನನ್ನ ನಿವೃತ್ತಿ ಹತ್ತಿರವಾಗಿತ್ತು. ನಾವು ಅಷ್ಟು ಕಷ್ಟಪಟ್ಟು ಬರೆದ ಕೋಡ್ ನಮ್ಮ ಆ್ಯಪ್‌ಗೆ ಇನ್ನು ಬೇಕಾಗಿರಲಿಲ್ಲ. ಅದನ್ನು ಸದ್ಯಕ್ಕೆ ಬದಿಗಿಟ್ಟು, ಫ್ರೇಮ್‌ವರ್ಕಿನ ಹೊಸ ಸೌಲಭ್ಯ ಬಳಸಿ, ಪರೀಕ್ಷೆಗೆಂದು ನಾಗವೇಣಿಯ ಕಂಪ್ಯೂಟರಿಗೆ ಮಾತ್ರ ಹಾಕಿಸಿದೆವು. ಅವಳಿಗೆ ಹೇಳಿರಲಿಲ್ಲ. ಹೇಳಿದರೆ ಇಲ್ಲದ ವ್ಯತ್ಯಾಸವೂ ಕೇಳಿಸುತ್ತದೆ ಅಂತ ಚೇತನ್‌ನ ಅಭಿಪ್ರಾಯ. ಒಂದು ವಾರ ಬಿಟ್ಟು ನಾನು ಫೋನ್ ಮಾಡಿದೆ.

"ಆ್ಯಪ್ ಹೆಂಗ ನಡದೈತಿ?"

"ಚಲೋ ನಡದೈತ್ರಿ ಅಕ್ಕಾರ. ಯಾಕ?"

"ಈ ವಾರ ಏನರ ಬದಲಾದಂಗ ಅನಸ್ತೇನು?"

ಸ್ವಲ್ಪ ಯೋಚನೆ ಮಾಡಿದಳು. "ಇಲ್ರಲ್ಲ. ಏನೂ ಇಲ್ಲ. ಏನರ ಕೆಡಿಸೀರೇನು ಮತ್ತ?"

"ಇಲ್ಲವಾ. ನೀ ಕೆಲಸ ಮಾಡು."

ಚೇತನ್ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಹಳೇ ಕೋಡ್ ನೀವೇ ಅಳಿಸಿ ಮೇಡಂ ಅಂದು ಕುರ್ಚಿ ಎಳೆದುಕೊಟ್ಟ. ನಾನು ಕೂತು, ನಮ್ಮಿಬ್ಬರ ಆ ಕೋಡನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ಓದಿ, ಕಾಯಂ ಆಗಿ ಅಳಿಸಿದೆ. ಅಷ್ಟು ಸಂತೋಷದಿಂದ ಮಾಡಿದ ಕೆಲಸ ನನ್ನ ವೃತ್ತಿಯಲ್ಲಿ ಇನ್ನೊಂದಿಲ್ಲ.